ಚಿತ್ರ ಬರೆಯುವವಳ ಅಪ್ಪ

ಹನ್ನೆರಡನೇ ತರಗತಿಯ ಕೊನೆಯ ಪರೀಕ್ಷೆ ಬರೆದು ಬಂದ ದಿನ ನನ್ನ ಮಗಳು ಬೂಟು ಬಿಚ್ಚುವ ಮೊದಲೇ, ತಾನು ಆನಿಮೇಶನ್ ಕಲಿಯುವುದಾಗಿ ಹೇಳಿದಳು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೆ ಅದು ಸರಿಯಾಗಿ ಕೇಳಿಸಲಿಲ್ಲ. ನನಗೆ ಕೇಳಿಸಿತು. ಆದರೂ ಕೇಳಿಸದವನಂತೆ ಪೇಪರು ಮಡಚಿಟ್ಟು, ಪರೀಕ್ಷೆ ಹೇಗಾಯಿತೆಂದು ವಿಚಾರಿಸಿದೆ. ಚೆನ್ನಾಗಾಯಿತು ಎಂದು ಅವಳು ಒಳಗೆ ಹೋದಳು.

ನಾವು ಧಾರವಾಡದವರು. ಐ.ಟಿ.ಐ.ಯಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಕಲಿತು, ನಕ್ಷೆ ತಯಾರಿಸುವ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಸೇರಿ ನಾನು ಕಲ್ಕತ್ತೆಗೆ ಬಂದವನು. ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯ ಸಾಲ್ಟ್ ಲೇಕ್ ಬಡಾವಣೆಯಲ್ಲೇ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ; ಮಾತಾಡುವಾಗ ಅರ್ಧದಲ್ಲಿ ಇಂಗ್ಲಿಷಿಗೆ ಹೊರಳುತ್ತಾಳೆ. ಸಿಟ್ಟು ಬಂದರೆ ಬಂಗಾಳಿ. ಇಲ್ಲಿ ಪ್ರತಿಯೊಂದು ಮನೆಯ ಮಗುವೂ ಹಾಡೋ, ಕುಣಿತವೋ, ಚಿತ್ರವೋ ಏನನ್ನಾದರೂ ಕಲಿಯಲೇಬೇಕು. ನಾವೂ ನೆರೆಯವರನ್ನು ನೋಡಿ ಅವಳನ್ನು ಚಿತ್ರದ ಕ್ಲಾಸಿಗೆ ಹಾಕಿದ್ದೆವು. ಮನೆಗೆ ಬಂದವರ ಮುಂದೆ ಅವಳ ಚಿತ್ರಗಳನ್ನು ಹರವಿ ತೋರಿಸಿ ಹೆಮ್ಮೆಪಟ್ಟವರೂ ನಾವೇ. ಅದೇ ಮುಂದೆ ಅನ್ನದ ದಾರಿಯಾಗಬೇಕೆಂದು ಅವಳು ಕೇಳಬಹುದೆಂಬ ಯೋಚನೆ ನಮಗೆ ಬಂದಿರಲೇ ಇಲ್ಲ.

ನನ್ನ ಭಯಕ್ಕೆ ಕಾರಣವಿತ್ತು. ನಾನು ಕೆಲಸಕ್ಕೆ ಸೇರಿದಾಗ ನಕ್ಷೆಗಳನ್ನು ಕೈಯಿಂದಲೇ ಬರೆಯುತ್ತಿದ್ದೆವು. ಗುಡ್ಡದ ಏರಿಳಿತ ತೋರಿಸುವ ಕಂದು ಗೆರೆಗಳನ್ನು ಎಳೆಯುವಾಗ ಉಸಿರು ಬಿಗಿಹಿಡಿಯಬೇಕು. ಗೆರೆ ತಪ್ಪಿದರೆ ಬ್ಲೇಡಿನ ತುದಿಯಿಂದ ಶಾಯಿಯನ್ನು ಮೆಲ್ಲಗೆ ಕೆರೆದು ಮತ್ತೆ ಎಳೆಯಬೇಕು. ನನ್ನ ಗೆರೆ ಚೆನ್ನಾಗಿತ್ತು. ಹಿರಿಯರು ನದಿಗಳ ಕೆಲಸವನ್ನು ನನಗೇ ಕೊಡುತ್ತಿದ್ದರು. ಆಮೇಲೆ ಕಂಪ್ಯೂಟರುಗಳು ಬಂದವು. ಯಾರೂ ನಮ್ಮನ್ನು ಮನೆಗೆ ಕಳಿಸಲಿಲ್ಲ, ಸರ್ಕಾರಿ ಕೆಲಸ. ಆದರೆ ಇಳಿಜಾರು ಮೇಜುಗಳನ್ನು ಒಂದೊಂದಾಗಿ ಹೊರಗೆ ಸಾಗಿಸಿದರು. ನನ್ನನ್ನು ಸ್ಟೋರ್ಸ್ ವಿಭಾಗಕ್ಕೆ ಹಾಕಿದರು. ಅಂದಿನಿಂದ ಕುರ್ಚಿ, ಕಾಗದ, ಪ್ರಿಂಟರಿನ ಟೋನರುಗಳ ಲೆಕ್ಕ ಇಡುತ್ತಿದ್ದೇನೆ. ಈ ಕತೆಯನ್ನು ಮನೆಯಲ್ಲಿ ಯಾವತ್ತೂ ಪೂರ್ತಿಯಾಗಿ ಹೇಳಿರಲಿಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡಿದ್ದೆ.

ಮಗಳು ಗಣಿತದಲ್ಲಿ ಜಾಣೆ. ಸಂಖ್ಯಾಶಾಸ್ತ್ರದ ಪದವಿ ಮಾಡಲಿ, ಬ್ಯಾಂಕೋ ಇಲಾಖೆಯೋ ಎಲ್ಲಿಯಾದರೂ ನೆಲೆ ಸಿಗುತ್ತದೆ, ಚಿತ್ರ ಬಿಡುವಿನ ಹೊತ್ತಿಗೆ ಇದ್ದೇ ಇದೆಯಲ್ಲ ಎಂದು ನಾನು ವಾದಿಸಿದೆ. ಹೆಂಡತಿ ಯಾರ ಪರವೂ ವಹಿಸಲಿಲ್ಲ. ಮೊದಲು ಹೋಗಿ ಆ ಕೆಲಸ ಮಾಡುವವರನ್ನು ನೋಡಿಕೊಂಡು ಬನ್ನಿ, ಆಮೇಲೆ ಜಗಳ ಆಡಿರಿ ಎಂದಳು. ಅದು ನ್ಯಾಯವಾದ ಮಾತೇ ಆಗಿತ್ತು.

ನನ್ನ ಸಹೋದ್ಯೋಗಿಯೊಬ್ಬರ ತಮ್ಮ ಟಾಲಿಗಂಜಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಮಕ್ಕಳ ಕಾರ್ಟೂನುಗಳಿಗೆ ಹಿನ್ನೆಲೆಯ ಚಿತ್ರಗಳನ್ನು ಬರೆಯುತ್ತಿದ್ದರು. ಗೊಂಬೆಗಳು ಓಡಾಡುವ ಕಾಡು, ಬೀದಿ, ಮನೆಯ ಅಂಗಳ, ಇವೆಲ್ಲ ಅವರ ಕೆಲಸ. ಒಂದು ಶನಿವಾರ ಬಸ್ಸು ಹಿಡಿದು, ಆಮೇಲೆ ಮೆಟ್ರೊ ಹತ್ತಿ ಅಪ್ಪ ಮಗಳು ಅಲ್ಲಿಗೆ ಹೋದೆವು. ಮಗಳು ತನ್ನ ಚಿತ್ರಗಳ ಫೈಲನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಅವಳ ಮುಖದಲ್ಲಿ ಹಬ್ಬಕ್ಕೆ ಹೊರಟವರ ಕಳೆಯಿತ್ತು.

ಸ್ಟುಡಿಯೋ ಒಂದು ಮನೆಯ ಎರಡನೇ ಮಹಡಿಯಲ್ಲಿತ್ತು. ಉದ್ದನೆಯ ಕೋಣೆ, ಸಾಲು ಕಂಪ್ಯೂಟರುಗಳು, ಅರ್ಧಕ್ಕರ್ಧ ಕುರ್ಚಿ ಖಾಲಿ. ಶನಿವಾರವಾದ್ದರಿಂದ ಖಾಲಿ ಎಂದುಕೊಂಡೆ. ಅವರು ನಮಗೆ ಚಹಾ ತರಿಸಿದರು. ಮಗಳ ಚಿತ್ರಗಳನ್ನು ಒಂದನ್ನೂ ಬಿಡದೆ ನೋಡಿದರು. ಮಳೆ ನಿಂತ ಮೇಲಿನ ಬಸ್ ನಿಲ್ದಾಣದ ಚಿತ್ರವೊಂದನ್ನು ಬಹಳ ಹೊತ್ತು ಹಿಡಿದುಕೊಂಡು, ನೀರಿನಲ್ಲಿ ಬೆಳಕು ಬಿದ್ದದ್ದನ್ನು ನೀನು ನೋಡಿ ಬರೆದಿದ್ದೀಯ, ಯಾರದನ್ನೋ ನಕಲು ಮಾಡಿಲ್ಲ ಎಂದರು. ಮಗಳ ಕಿವಿ ಕೆಂಪಾದವು.

ಆಮೇಲೆ ಅವರು ತಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಅಲ್ಲಿ ಒಂದು ಹಳ್ಳಿಯ ಬೀದಿಯಿತ್ತು, ಸೊಗಸಾಗಿತ್ತು. ಇದನ್ನು ತಾನು ಬರೆದಿಲ್ಲ, ಮಷೀನು ಬರೆದದ್ದು ಎಂದರು. ಹೀಗೆ ಬರೆ ಎಂದು ಟೈಪು ಮಾಡಿದರೆ ಚಹಾ ಆರುವಷ್ಟರಲ್ಲಿ ನಾಲ್ಕಾರು ಬೀದಿಗಳನ್ನು ಅದು ಮುಂದಿಡುತ್ತದಂತೆ. ಎಲ್ಲೂ ಸೇರದ ಮೆಟ್ಟಿಲು, ಗೋಡೆಯೊಳಗೆ ನುಗ್ಗಿದ ಎತ್ತಿನ ಕೊಂಬು, ಎರಡು ಕಡೆ ಬಿದ್ದ ನೆರಳು ಇಂಥವನ್ನು ತಿದ್ದುವುದು ಈಗ ಅವರ ಕೆಲಸ. ಮೊದಲು ಈ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ ಎಂದು ಖಾಲಿ ಕುರ್ಚಿಗಳನ್ನು ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಮ್ಮ ಇಳಿಜಾರು ಮೇಜುಗಳನ್ನು ಹೊರಗೆ ಸಾಗಿಸಿದ ದಿನ ನಾನೂ ಹೀಗೇ ಮಾತಾಡಿದ್ದೆನೇನೋ.

ಹಾಗಾದರೆ ನಾನು ಈ ಲೈನಿಗೆ ಬರಬಾರದೇ ಎಂದು ಮಗಳು ಬಂಗಾಳಿಯಲ್ಲಿ ನೇರವಾಗಿ ಕೇಳಿದಳು. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡರು. “ಬಾ ಅಂತ ಹೇಳೋ ಧೈರ್ಯ ನನಗಿಲ್ಲ ಮಗೂ. ಬೇಡ ಅನ್ನೋದಕ್ಕೂ ಮನಸ್ಸಿಲ್ಲ” ಎಂದರು.

ತಿರುಗಿ ಬರುವಾಗ ಮೆಟ್ರೊದಲ್ಲಿ ಅವಳು ಫೈಲನ್ನು ಕಾಲ ಬಳಿ ಇಟ್ಟು ಕೂತಳು. ನಾನು ಹೇಳಬೇಕಾದದ್ದನ್ನೆಲ್ಲ ಇನ್ನೊಬ್ಬರು, ಅದೂ ಅದೇ ಕೆಲಸ ಮಾಡುವವರು, ನನಗಿಂತ ಚೆನ್ನಾಗಿ ಹೇಳಿಬಿಟ್ಟಿದ್ದರು. ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಅವಳು, ಸ್ಟ್ಯಾಟಿಸ್ಟಿಕ್ಸ್‌ಗೇ ಸೇರುತ್ತೇನೆ ಎಂದಳು. ನನಗೆ ಹಗುರಾಗಬೇಕಿತ್ತು. ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಜಾದವ್‌ಪುರದ ಕಡೆಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗುವಳು, ಸಂಜೆ ಬಂದು ಚಹಾ ಕುಡಿದು ಓದಲು ಕೂರುವಳು. ಒಂದು ದಿನವೂ ದೂರು ಹೇಳಲಿಲ್ಲ. ಕ್ಲಾಸಿನ ಪರೀಕ್ಷೆಗಳಲ್ಲಿ ಅಂಕಗಳೂ ಚೆನ್ನಾಗಿಯೇ ಬಂದವು. ಆದರೆ ಅವಳ ಮೇಜಿನ ಮೇಲಿನ ಬಣ್ಣದ ಡಬ್ಬಗಳು ಕಾಣೆಯಾದವು. ಎಲ್ಲಿಟ್ಟಳೆಂದು ಹೆಂಡತಿ ಹುಡುಕಿದರೆ ಮಂಚದ ಕೆಳಗೆ, ಹಳೆಯ ಶಾಲಾ ಪುಸ್ತಕಗಳ ಹಿಂದೆ ಇದ್ದವು. ಮೊದಲು ಫೋನಿನಲ್ಲಿ ಮಾತಾಡುವಾಗಲೂ ಸಿಕ್ಕ ಕಾಗದದ ಮೇಲೆ ಏನಾದರೂ ಗೀಚುತ್ತಿದ್ದವಳು ಈಗ ಕೈ ಕಟ್ಟಿಕೊಂಡು ಮಾತಾಡುತ್ತಿದ್ದಳು.

ಒಂದು ಸಂಜೆ ಹೆಂಡತಿ ಬಟ್ಟೆ ಮಡಚುತ್ತ ನನ್ನ ಮುಖ ನೋಡದೆ ಕೇಳಿದಳು. “ಈಗರೆ ಸಮಾಧಾನ ಆತೇನ್ರಿ ನಿಮಗ?”

“ನಾ ಏನ್ ಮಾಡೀನಿ? ಆಕೀನ ಒಪ್ಪಿಕೊಂಡಾಳ.”

“ಒಪ್ಪಿಕೊಂಡಾಳ, ಖರೆ. ಆದ್ರ ಮನ್ಯಾಗ ನಮ್ಮ ಮಗಳಿಲ್ಲ, ಯಾರೋ ಪೇಯಿಂಗ್ ಗೆಸ್ಟ್ ಇದ್ದಂಗ ಐತಿ.”

ಆ ವರ್ಷ ನಮ್ಮ ಬ್ಲಾಕಿನ ದುರ್ಗಾ ಪೂಜೆಗೆ ಹಳೆಯ ಕಲ್ಕತ್ತೆಯ ಕಿಟಕಿಗಳನ್ನೇ ವಿಷಯ ಮಾಡಿಕೊಂಡು ಪ್ಯಾಂಡಲ್ ಕಟ್ಟುವುದೆಂದು ತೀರ್ಮಾನವಾಯಿತು. ಕಲಾ ಕಾಲೇಜಿನಲ್ಲಿ ಕಲಿತ ಒಬ್ಬ ತರುಣಿಗೆ ಆ ಕೆಲಸ ವಹಿಸಿದರು. ಬಿದಿರಿನ ಚೌಕಟ್ಟುಗಳಿಗೆ ಬಟ್ಟೆ ಬಿಗಿದು ಅದರ ಮೇಲೆ ಹಸಿರು ಪಟ್ಟಿಯ ಕಿಟಕಿಗಳನ್ನು ಬರೆಯಬೇಕಿತ್ತು. ಕೈ ಸಾಲದೆ ಅವಳು ಬ್ಲಾಕಿನ ಮಕ್ಕಳಲ್ಲಿ ಚಿತ್ರ ಬರೆಯಲು ಬರುವವರನ್ನು ಕೇಳಿದಳು. ನೆರೆಮನೆಯ ಹೆಂಗಸು ನನ್ನ ಮಗಳ ಹೆಸರು ಕೊಟ್ಟರು. ಮಗಳು ಮೊದಲು ಒಲ್ಲೆ ಎಂದಳು. ಅವಳ ತಾಯಿ ಒತ್ತಾಯ ಮಾಡಿ ಕಳಿಸಿದಳು.

ನಾಲ್ಕೈದು ದಿನ ಕಳೆದಿರಬೇಕು. ಕಚೇರಿಯಿಂದ ಬರುತ್ತಿದ್ದಾಗ ಮೈದಾನದ ಬಳಿ ಪರಿಚಿತ ದನಿಯೊಂದು ಕೇಳಿಸಿ ನಿಂತೆ. ಬಿದಿರಿನ ಏಣಿಯ ಮೇಲೆ ನನ್ನ ಮಗಳು ನಿಂತು ಕೆಳಗಿದ್ದ ತರುಣಿಯೊಡನೆ ಗಟ್ಟಿಯಾಗಿ ವಾದಿಸುತ್ತಿದ್ದಳು. ಸಂಜೆ ದೀಪಗಳ ಬೆಳಕು ಈ ಕಡೆಯಿಂದ ಬಿದ್ದರೆ ನೆರಳು ಆ ಕಡೆ ಹೋಗಬೇಕು, ಅದನ್ನು ಬಿಟ್ಟು ಎಲ್ಲ ಕಿಟಕಿಗೂ ಒಂದೇ ನೆರಳು ಬರೆದರೆ ಹೇಗೆ ಎಂಬುದು ಅವಳ ವಾದ. ಮೊಣಕೈವರೆಗೂ ಹಸಿರು ಬಣ್ಣ, ಹಣೆಯ ಮೇಲೂ ಒಂದು ಗೆರೆ. ಆ ತರುಣಿ ಸ್ವಲ್ಪ ಹಿಂದೆ ಸರಿದು ನೋಡಿ, ಸರಿ, ಅಳಿಸು, ಮತ್ತೆ ಬರಿ ಎಂದಳು. ಮಗಳು ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತೆಂದು ಆಗ ಹೊಳೆಯಿತು. ನಾನು ಅವಳ ಕಣ್ಣಿಗೆ ಬೀಳದೆ ಮನೆಗೆ ಬಂದೆ.

ಪೂಜೆಯ ಅಷ್ಟಮಿಯಂದು ಆ ತರುಣಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಹೆಂಡತಿ ಹೋಳಿಗೆ ಬಡಿಸುತ್ತ, ಈ ಹಬ್ಬ ಮುಗಿದ ಮೇಲೆ ಏನು ಮಾಡುತ್ತೀಯಮ್ಮಾ ಎಂದು ಹಿಂದಿಯಲ್ಲಿ ಕೇಳಿದಳು. ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ, ಯಾವುದಾದರೂ ಧಾರಾವಾಹಿಯ ಸೆಟ್ಟಿಗೆ ಕರೆದರೆ ಹೋಗುತ್ತೇನೆ, ಅರ್ಧ ವರ್ಷ ಕೆಲಸ, ಅರ್ಧ ವರ್ಷ ಚಿಂತೆ ಎಂದು ಅವಳು ಹೇಳಿದಳು. ನಗುತ್ತಲೇ ಹೇಳಿದಳು, ಆದರೆ ಅದು ತಮಾಷೆಯ ಮಾತಾಗಿರಲಿಲ್ಲ. ನನ್ನ ಮಗಳು ತಟ್ಟೆ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ವಿಸರ್ಜನೆಯಾದ ಮೇಲೆ ಕಿಟಕಿಗಳನ್ನೆಲ್ಲ ಕಳಚಿ ಲಾರಿಗೆ ಹಾಕಿದರು. ಅದರ ಮರುದಿನ ಬಾಲ್ಕನಿಯಲ್ಲಿ ಪೇಪರು ಓದುತ್ತಿದ್ದ ನನ್ನ ಎದುರು ಮಗಳು ಬಂದು ಕೂತಳು. ಈಗಿನ ಕಾಲೇಜು ಬಿಡುತ್ತೇನೆ, ಮುಂದಿನ ವರ್ಷ ಆನಿಮೇಶನ್ ಪದವಿಯ ಪ್ರವೇಶ ಪರೀಕ್ಷೆಗೆ ಕೂರುತ್ತೇನೆ ಎಂದಳು. ಒಂದು ವರ್ಷ ಹಾಳಾಗುತ್ತದಲ್ಲ ಎಂದೆ. ಹಾಳಾಗಲಿ ಎಂದಳು. ಟಾಲಿಗಂಜಿನ ಆ ಖಾಲಿ ಕುರ್ಚಿಗಳನ್ನು ಮರೆತೆಯಾ ಎಂದು ಕೇಳಿದೆ. ಮರೆತಿಲ್ಲ, ದಿನಾ ನೆನಪಾಗುತ್ತವೆ ಎಂದಳು.

ಆಗ ನಾನು ನನ್ನ ಕತೆ ಹೇಳಿದೆ. ಕಂದು ಗೆರೆಗಳದು, ನದಿಗಳದು, ಹೊರಗೆ ಹೋದ ಮೇಜುಗಳದು, ಸ್ಟೋರ್ಸ್ ವಿಭಾಗದ್ದು. ಕೈಕೆಲಸವನ್ನೇ ನಂಬಿದವನಿಗೆ ಅದು ಹೋದ ಮೇಲೆ ಉಳಿಯುವ ಬದುಕು ಎಂಥದ್ದೆಂದು ಅವಳಿಗೆ ಗೊತ್ತಾಗಲಿ ಎಂಬುದೊಂದೇ ಉದ್ದೇಶ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

“ಅಪ್ಪಾ, ಆಫೀಸ್‌ನ್ಯಾಗ ಡ್ರಾಯಿಂಗ್ ಬಂದ್ ಆತು, ಓಕೆ. ಬಟ್ ಮನ್ಯಾಗ ನೀ ಯಾಕ ಬಿಟ್ಟಿ? ಯಾರೂ ಸ್ಟಾಪ್ ಮಾಡಿರಲಿಲ್ಲಲ್ಲ.”

ಅದು ಆಕ್ಷೇಪವಾಗಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಸಮಯ ಸಿಗಲಿಲ್ಲ ಎನ್ನಬಹುದಿತ್ತು, ಅದು ಸುಳ್ಳು. ಯಾರಿಗೂ ಬೇಡವಾದ ಗೆರೆಯನ್ನು ಯಾಕೆ ಎಳೆಯಬೇಕು ಎನಿಸಿತ್ತು ಎನ್ನಬಹುದಿತ್ತು. ಅದು ನಿಜ, ಆದರೆ ಮಗಳ ಮುಂದೆ ಹೇಳುವ ಮಾತಲ್ಲ. “ಗೊತ್ತಿಲ್ಲವ್ವಾ” ಎಂದೆ.

ಮುಂದಿನ ವರ್ಷ ಅವಳು ಪರೀಕ್ಷೆ ಬರೆದಳು, ಸೀಟು ಸಿಕ್ಕಿತು. ನಾನು ಆಶೀರ್ವಾದ ಮಾಡಿದೆನೆಂದು ಹೇಳಲಾರೆ, ತಡೆಯಲಿಲ್ಲ, ಅಷ್ಟೇ. ಈಗ ಅವಳು ಎರಡನೇ ವರ್ಷದಲ್ಲಿದ್ದಾಳೆ. ಮನೆಯ ತುಂಬ ಕಾಗದ. ಓಡುವ ನಾಯಿಯೊಂದರ ಕಾಲುಗಳನ್ನು ನೂರಾರು ಸಲ ಬರೆಯುತ್ತಾಳೆ. ಕಾಲೇಜಿನಲ್ಲಿ ಮಷೀನಿನಿಂದ ಚಿತ್ರ ಬರೆಸುವುದನ್ನೂ ಒಂದು ವಿಷಯವಾಗಿ ಕಲಿಸುತ್ತಾರಂತೆ. ಅದನ್ನು ಕೇಳಿ ಧೈರ್ಯ ತಂದುಕೊಳ್ಳಬೇಕೋ ಹೆದರಬೇಕೋ ನನಗೆ ತಿಳಿಯದು.

ದೀಪಾವಳಿಗೆ ಧಾರವಾಡದಿಂದ ನನ್ನ ಅಣ್ಣ ಫೋನು ಮಾಡಿದ್ದ. ಮಗಳು ಏನು ಓದುತ್ತಿದ್ದಾಳೆಂದು ಪ್ರತಿ ವರ್ಷದಂತೆ ಕೇಳಿದ. ಹೇಳಿದೆ. ಮುಂದೇನು ಎಂದ. ಮೊದಲಾಗಿದ್ದರೆ ದೊಡ್ಡ ಕಂಪನಿಗಳು ಕರೆಯುತ್ತವೆ ಎಂದು ಏನಾದರೂ ಹೊಂದಿಸಿ ಹೇಳುತ್ತಿದ್ದೆ. ಈ ಸಲ, ಮುಂದಿನದು ಆಕೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಎಂದೆ. ಅಣ್ಣ ಹವೆಯ ಮಾತು ತೆಗೆದ.

ಮೊನ್ನೆ ಊಟದ ಹೊತ್ತಿನಲ್ಲಿ ಮಗಳೇ ಒಂದು ಸುದ್ದಿ ಹೇಳಿದಳು. ಪ್ರತಿ ವರ್ಷ ಅವರ ಕಾಲೇಜಿಗೆ ಬಂದು ಹುಡುಗರನ್ನು ಆರಿಸಿಕೊಂಡು ಹೋಗುತ್ತಿದ್ದ ಸ್ಟುಡಿಯೋ ಈ ಸಲ ಬರುವುದಿಲ್ಲವೆಂದು ತಿಳಿಸಿದೆಯಂತೆ. ಕೊನೆಯ ವರ್ಷದವರು ಕ್ಲಾಸಿಗೆ ಹೋಗದೆ ಕ್ಯಾಂಟೀನಿನಲ್ಲೇ ಕೂತಿದ್ದರಂತೆ. ಹೆಂಡತಿ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು.

“ಹೆದರಿಕಿ ಆಗ್ತೈತೇನವಾ?” ಎಂದು ಕೇಳಿದೆ.

“ಆಗ್ತೈತಿ. ನಿನಗ?”

“ನನಗೂ.”

ಅವಳು ತಲೆಯಾಡಿಸಿದಳು. ಆಮೇಲೆ ತಾಯಿಯ ಕಡೆ ತಟ್ಟೆ ಚಾಚಿ ಇನ್ನೊಂದಿಷ್ಟು ಸಾರು ಹಾಕಿಸಿಕೊಂಡಳು. ನಾವು ಮೂವರೂ ಊಟ ಮುಂದುವರಿಸಿದೆವು.