ನರ್ಸಮ್ಮನ ವ್ಯಾನು

ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ನರ್ಸಮ್ಮ ಇದ್ದರು. ಹಳೇ ವ್ಯಾನಿನೊಳಗೆ ಮಂಚ, ಒಲೆ ಕೂರಿಸಿ, ಗಂಡನ ಜೊತೆ ಊರೂರು ಸುತ್ತುವ ಆಸೆ ಅವರಿಗೆ. "ಆ ಡಬ್ಬದಲ್ಲಿ ನಾನು ಮಲಗಲ್ಲ" ಎಂದು ಗಂಡ ಹಟ ಹಿಡಿದಿದ್ದರು.

ವ್ಯಾನಿನ ಬಣ್ಣದ ಮೇಲೆ ಹೊಳಪಿಗೆಂದು ಹೊಡೆಯುವ ಕ್ಲಿಯರ್‌ಕೋಟ್ ಬಿಸಿಲಿಗೆ ಸಿಪ್ಪೆ ಎದ್ದಿತ್ತು. ದಿನಾ ಬೆಳಿಗ್ಗೆ ನರ್ಸಮ್ಮ ನೀರು ಹಾಕಿ ವಾಟರ್ ಪೇಪರ್ ಎಂಬ ನಯವಾದ ಉಪ್ಪುಕಾಗದದಿಂದ ಉಜ್ಜಿ, ಗಾಯ ಒರೆಸುವಷ್ಟು ಹಗುರವಾಗಿ ಒರೆಸುತ್ತಿದ್ದರು. ಒಂದು ಗೆರೆ ಕಂಡರೂ ಮತ್ತೆ ಮೊದಲಿನಿಂದ. ಇನ್ನೂ ಎಷ್ಟು ದಿನ ಎಂದು ನಾನು ಕೇಳಿದರೆ, "ಆಗುತ್ತೆ ಮಾರಾಯ್ತಿ, ಅವಸರ ಏನು?" ಅನ್ನುತ್ತಿದ್ದರು.

ಹೊಸ ಕ್ಲಿಯರ್‌ಕೋಟಿನ ಕೊನೆಯ ಪದರ ಹೊಡೆದ ದಿನ ಗಂಡ ಹೊರಬಂದು, ಹೊಳೆಯುವ ಬಾಗಿಲ ಮೇಲೆ ಅಂಗೈ ಇಟ್ಟುಬಿಟ್ಟರು. ಹಸಿಯಲ್ಲಿ ಐದು ಬೆರಳೂ ಮೂಡಿದವು. "ಅಯ್ಯೋ" ಎಂದವರು, ನಾಚುತ್ತಾ, "ಒಣಗಿದ ಮೇಲೆ ಮೊದಲು ಎಲ್ಲಿಗೆ ಹೋಗೋಣ?" ಎಂದು ಕೇಳಿದರು.

ಆ ಬೆರಳ ಗುರುತು ಉಜ್ಜಿ ತೆಗೆಯಲೆಂದು ನಾನು ಪೇಪರ್ ಎತ್ತಿಕೊಂಡೆ. ನರ್ಸಮ್ಮ ನನ್ನ ಕೈ ಹಿಡಿದು, "ಬೇಡ, ಇರಲಿ ಬಿಡು" ಅಂದರು.