ಕೂರಿಸುವ ಮೊದಲೇ ಬರೆದ ಕಣ್ಣು

ಇಂಥ ಸಂಗತಿಗಳನ್ನು ಹೇಳುವವರನ್ನು ನಾನು ನಂಬುತ್ತಿರಲಿಲ್ಲ. ಅವರು ಹೇಳುತ್ತಿರುವಾಗಲೇ ಎಲ್ಲಿ ತಪ್ಪಿದ್ದಾರೆ ಎಂದು ಹುಡುಕುತ್ತಿದ್ದೆ. ಆದ್ದರಿಂದ ನನ್ನದನ್ನು ಹೇಳುವಾಗ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ನೀವೂ ಹುಡುಕಿರಿ. ತಪ್ಪು ಸಿಕ್ಕರೆ ನನಗೆ ಸಮಾಧಾನವೇ ಆದೀತು.

ನಮ್ಮದು ಬೆಟಗೇರಿಯಲ್ಲಿ ಗಣಪತಿ ಮೂರ್ತಿ ಮಾಡುವ ಮನೆ. ಅಪ್ಪ ತೀರಿಕೊಂಡ ಮೇಲೆ ಬಣ್ಣದ ಕೆಲಸ ನನ್ನ ಪಾಲಿಗೆ ಬಂತು. ನಮ್ಮಲ್ಲಿ ಒಂದು ರೂಢಿ ಇದೆ. ಮೂರ್ತಿ ಪೀಠದ ಮೇಲೆ ಅಲುಗದಂತೆ ಕೂಡುವವರೆಗೆ ಅದಕ್ಕೆ ಕಣ್ಣು ಬರೆಯುವುದಿಲ್ಲ. ಅವ್ವ ಇದನ್ನು ಬಹಳ ಕಟ್ಟುನಿಟ್ಟಾಗಿ ನಡೆಸುತ್ತಿದ್ದಳು. ಕೂತ ಮೇಲೆ ಬರೆದರೆ ನೋಟ ಓರೆಯಾಗುವುದಿಲ್ಲ, ರೂಢಿಯ ಅರ್ಥ ಅಷ್ಟೇ ಎಂದು ನಾನು ತಿಳಿದಿದ್ದೆ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಮಲ್ಲೇಶ ಸೈನ್ಯದಿಂದ ರಜೆಗೆ ಬರುವಾಗ ಒಂದು ಪೆಟ್ಟಿಗೆ ತಂದ. ಅದರೊಳಗೆ ಬಿಡಿಬಿಡಿಯಾಗಿ ಒಂದು ಮೋಟರ್ ಸೈಕಲ್ಲು, ಅದರ ಮೇಲೆ ಕೂಡುವ ಒಬ್ಬ ಸೈನಿಕ, ಪಕ್ಕದಲ್ಲಿ ನಿಂತು ದಾರಿ ತೋರಿಸುವ ಇನ್ನೊಬ್ಬ. ಎಲ್ಲ ಪ್ಲಾಸ್ಟಿಕ್ಕಿನವು. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಸವಾರನ ತಲೆ ಒಂದು ಕಡಲೆಕಾಳಿನಷ್ಟು.

"ಅಕ್ಕಾ, ಗಾಡಿ ಮ್ಯಾಲ ಕುಂಡ್ರಾವಗ ನನ್ನ ಮಾರಿ ಬರಿ," ಎಂದ ಮಲ್ಲೇಶ. "ಮೂಗಷ್ಟ ಸಣ್ಣದು ಮಾಡು. ಮುಂಡರಗಿ ಮಂದಿ ನೋಡ್ತಾರ."

ಮುಂಡರಗಿಯಲ್ಲಿ ಅವನಿಗೆ ಹೆಣ್ಣು ಗೊತ್ತಾಗಿತ್ತು.

ಗಾಡಿ ಮುಗಿಯಿತು. ನಿಂತ ಸೈನಿಕನೂ ಮುಗಿದ. ಸವಾರ ಉಳಿದ. ಪೆಟ್ಟಿಗೆಯೊಳಗಿನ ಹಾಳೆಯಲ್ಲಿ, ಮುಖಕ್ಕೆ ಮೊದಲು ಬಣ್ಣ ಹಚ್ಚಿ ಆಮೇಲೆ ಗಾಡಿಯ ಮೇಲೆ ಅಂಟಿಸಿ ಎಂದಿತ್ತು. ಕೂತ ಮೇಲೆ ಟೊಪ್ಪಿಗೆಯ ಅಂಚು ಅಡ್ಡ ಬರುತ್ತದೆ, ಕುಂಚ ಒಳಗೆ ಹೋಗುವುದಿಲ್ಲ. ಮೂರ್ತಿಯ ರೂಢಿ ಆಟಿಕೆಗೆ ಯಾಕೆ ಎಂದುಕೊಂಡು, ಒಂದು ರವಿವಾರ ಬೆಳಿಗ್ಗೆ ಸವಾರನನ್ನು ಸೂಜಿಗೆ ಚುಚ್ಚಿ ನಿಲ್ಲಿಸಿ ಕಣ್ಣು ಬರೆದೆ. ನೇರ ಮುಂದೆ ನೋಡುವ ಕಣ್ಣು. ಭೂತಗನ್ನಡಿಯಲ್ಲಿ ನೋಡಿದರೆ ಮಲ್ಲೇಶನೇ. ಫೋನಿನಲ್ಲಿ ಫೋಟೋ ತೆಗೆದು ಅವನಿಗೆ ತೋರಿಸಿದೆ. ಅವನು ನಕ್ಕ. ಆ ಫೋಟೋ ಈಗಲೂ ಇದೆ, ಅದರಲ್ಲಿ ಕಣ್ಣು ತೆರೆದಿವೆ.

ಕೋಣೆಯ ಚಿಲಕ ಹಾಕಿ ಊಟಕ್ಕೆ ಕೂತೆ. ಅವ್ವ, ಮಲ್ಲೇಶ, ನಾನು ಮೂವರೂ ಒಟ್ಟಿಗೇ ಉಂಡೆವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಲ್ಲೇಶ ತನ್ನ ಮೋಟರ್ ಸೈಕಲ್ಲಿನ ಮೇಲೆ ಮುಂಡರಗಿಗೆ ಹೊರಡಲು ಅಂಗಿ ಬದಲಿಸತೊಡಗಿದ. ನಾನು ಸವಾರನನ್ನು ಅಂಟಿಸಿಬಿಡೋಣ ಎಂದು ಒಳಗೆ ಹೋದೆ.

ಕಣ್ಣು ಮುಚ್ಚಿದ್ದವು.

ಬಣ್ಣ ಇಳಿದು ಕಲೆಯಾಗಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಮೈಬಣ್ಣದ ರೆಪ್ಪೆಗಳು ಕೆಳಗಿಳಿದಿದ್ದವು. ಅವುಗಳ ಅಂಚಿಗೆ ನನ್ನ ಅತಿ ಸಣ್ಣ ಕುಂಚದಿಂದಲೂ ಎಳೆಯಲಾಗದಷ್ಟು ತೆಳುವಾದ ಗೆರೆ. ಬೆರಳು ತಾಗಿಸಿದೆ, ಒಣಗಿತ್ತು. ಮಲಗಿದವನ ಮುಖದಂತೆ ಅದು ಇರಲಿಲ್ಲ. ತೀರಿಕೊಂಡ ದಿನ ಅಪ್ಪನನ್ನು ಅಂಗಳದಲ್ಲಿ ಕೂರಿಸಿದ್ದಾಗ ಅವರ ಮುಖ ಹಾಗಿತ್ತು. ಫೋಟೋ ತೆಗೆಯಬೇಕಿತ್ತು ಎಂದು ಈಗ ಅನ್ನಿಸುತ್ತದೆ. ತಮ್ಮನ ಮುಖವನ್ನು ಹಾಗೆ ಫೋನಿನಲ್ಲಿ ಇಟ್ಟುಕೊಳ್ಳುವುದು ಆಗ ನನ್ನಿಂದ ಆಗಲಿಲ್ಲ.

ಹೊರಗೆ ಮಲ್ಲೇಶನ ಗಾಡಿ ಶುರುವಾದ ಸಪ್ಪಳ ಕೇಳಿತು. ಓಡಿಹೋಗಿ ಕೀಲಿ ಕಿತ್ತುಕೊಂಡೆ.

"ಬಸ್ಸಿಗೆ ಹೋಗು."

"ಯಾಕ?"

"ಹೋಗು ಅಂದ್ರ ಹೋಗು."

"ಅಕ್ಕಾ, ಮದುವಿ ಗಂಡು ಬಸ್ಸಿನ್ಯಾಗ ಕಂಬಿ ಹಿಡ್ಕೊಂಡು ನಿಂತು ಹೋಗ್ಬೇಕೇನ? ಬೀಗರು ನಗ್ತಾರ. ಕೀಲಿ ಕೊಡು, ಜಲ್ದಿ."

ನಾನು ಕೊಡಲಿಲ್ಲ. ಗದ್ದಲ ಕೇಳಿ ಅವ್ವ ಹೊರಗೆ ಬಂದಳು. ಅವಳ ಕೈ ಹಿಡಿದು ಕೋಣೆಗೆ ಕರೆದೊಯ್ದು ಭೂತಗನ್ನಡಿ ಕೊಟ್ಟೆ. ಅವ್ವ ಬಹಳ ಹೊತ್ತು ನೋಡಿದಳು.

"ಕೂಡ್ರಿಸಿದ್ದಿಲ್ಲೇನ?"

"ಇಲ್ಲ."

"ಈಗ ಕೂಡ್ರಿಸು," ಎಂದವಳೇ ಹೊರಗೆ ಹೋಗಿ ಮಲ್ಲೇಶನಿಗೆ, "ನಿಮ್ಮಪ್ಪ ಇದ್ದಿದ್ರ ಹೇಳಿದಂಗ ಕೇಳ್ತಿದ್ದಿ. ಬಸ್ಸಿಗೆ ಹೋಗು," ಎಂದಳು. ಅವನು ನಮ್ಮಿಬ್ಬರ ಕಡೆಗೂ ನೋಡದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಸವಾರನನ್ನು ಗಾಡಿಯ ಮೇಲೆ ಕೂರಿಸಿ ಅಂಟು ಹಿಡಿಯುವವರೆಗೆ ಒತ್ತಿ ಹಿಡಿದೆ. ಮುಖ ನೋಡಲಿಲ್ಲ. ಮೇಲೊಂದು ಬಟ್ಟಲು ಬೋರಲು ಹಾಕಿ ಹೊರಗೆ ಬಂದೆ. ಅವ್ವ ಪಡಸಾಲೆಯಲ್ಲಿ ಫೋನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಮುಂಡರಗಿ ಮುಟ್ಟಿದೆನೆಂದು ಮಲ್ಲೇಶ ಫೋನು ಮಾಡಿದ ಮೇಲೆಯೇ ಇಬ್ಬರೂ ಎದ್ದೆವು.

ದೀಪ ಹಚ್ಚುವ ಹೊತ್ತಿಗೆ ಅವನು ಬೀಗರ ಮನೆಯ ಉಂಡಿಯ ಡಬ್ಬಿ ಹಿಡಿದುಕೊಂಡು ಬಂದ. ಸಿಟ್ಟು ಇಳಿದಿತ್ತು. ಗೊಂಬೆ ಮುಗೀತೇನ ಎನ್ನುತ್ತ ನೇರವಾಗಿ ಕೋಣೆಗೆ ಹೋಗಿ ಬಟ್ಟಲು ಎತ್ತಿದ. ನಾನು ಬಾಗಿಲಲ್ಲೇ ನಿಂತೆ.

"ಅಕ್ಕಾ, ಇಂವ ಮುಂದಿನ ಗಾಲಿ ಯಾಕ ನೋಡಾಕತ್ತಾನ? ರಸ್ತಾ ನೋಡಂಗ ಬರದಿದ್ದಿ ಅಲ್ಲೇನ ನೀ?"

ಹತ್ತಿರ ಹೋಗಿ ನೋಡಿದೆ. ಕಣ್ಣು ತೆರೆದಿದ್ದವು. ನೋಟ ಕೆಳಗೆ, ಮುಂದಿನ ಗಾಲಿಯ ಮೇಲೆ. ಆ ಕಣ್ಣುಗಳನ್ನು ನಾನು ಬರೆದಿರಲಿಲ್ಲ.

ಮರುದಿನ ಮಲ್ಲೇಶನ ಗಾಡಿಯನ್ನು ಓಣಿಯ ಮೆಕ್ಯಾನಿಕನ ಹತ್ತಿರ ನೂಕಿಕೊಂಡು ಹೋದೆ. ಮುಂದಿನ ಗಾಲಿ ಬಿಚ್ಚಿಸಿದೆ. ಅವನು ತಿರುಗಿಸಿ, ಬಡಿದು, ಬೆಳಕಿಗೆ ಹಿಡಿದು ನೋಡಿದ. "ಏನೂ ಆಗಿಲ್ರಿ ಅಕ್ಕಾರ. ಗಟ್ಟಿ ಐತಿ. ಯಾರು ಹೇಳಿದ್ರು ನಿಮಗ?" ಎಂದು ಕೇಳಿದ. ಆ ದಿನ ಮುಂಡರಗಿ ರಸ್ತೆಯಲ್ಲಿ ಏನಾದರೂ ಅಪಘಾತ ಆಗಿತ್ತೇ ಎಂದೂ ವಿಚಾರಿಸಿದೆ. ಯಾರೂ ಕೇಳಿರಲಿಲ್ಲ. ಏನಾದರೂ ಸಿಕ್ಕಿದ್ದರೆ ಒಂದು ರೀತಿ ನೆಮ್ಮದಿಯಾಗುತ್ತಿತ್ತು, ಮುಗಿಯಿತು ಎಂದುಕೊಳ್ಳಬಹುದಿತ್ತು.

ಅವ್ವನನ್ನು ಆಮೇಲೆ ಒಮ್ಮೆ ಕೇಳಿದೆ. "ನೀನೂ ನೋಡಿದಿಯಲ್ಲ?" "ನೋಡಿದೆ. ಆತು, ಬಿಡು," ಎಂದಳು. ಮತ್ತೆ ಆ ಮಾತು ಎತ್ತಗೊಡಲಿಲ್ಲ.

ಮಲ್ಲೇಶನ ಮದುವೆಯಾಯಿತು. ನಾವು ಕಂಡದ್ದನ್ನು ಅವನಿಗೆ ಇಂದಿಗೂ ಹೇಳಿಲ್ಲ. ಈಗ ಅವನು ದೂರದ ಒಂದು ಠಾಣ್ಯದಲ್ಲಿದ್ದಾನೆ, ಅಲ್ಲಿ ಗಾಡಿ ಓಡಿಸುವುದೇ ಅವನ ಕೆಲಸ. ಗೊಂಬೆ ಕಪಾಟಿನ ಗಾಜಿನೊಳಗಿದೆ. ಅವನ ಫೋನು ಬಂದರೆ ನಾನು ಎತ್ತುವ ಮೊದಲು ಕಪಾಟಿನ ಮುಂದೆ ಹೋಗಿ ನಿಲ್ಲುತ್ತೇನೆ. ಎತ್ತಲು ಯಾಕಿಷ್ಟು ಹೊತ್ತು ಎಂದು ಅವನು ಪ್ರತಿ ಸಲ ಬೈಯುತ್ತಾನೆ.

ಇದನ್ನು ಬರೆಯುತ್ತ ನಡುವೆ ಎದ್ದು ಹೋಗಿ ನೋಡಿ ಬಂದೆ. ತೆರೆದಿವೆ. ಇನ್ನೂ ಗಾಲಿಯನ್ನೇ ನೋಡುತ್ತಿವೆ.