ಊಟ ಮುಗಿದ ಮೇಲೆ ಮುಹೂರ್ತ

ಹೋದ ವಾರ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಬರುವಾಗ ದಾರಿ ಬದಿಯ ಜೋಳದ ಹೊಲದಲ್ಲಿ ಏನೋ ಫಳಫಳ ಹೊಳೆದು ಕಣ್ಣು ಕುಕ್ಕಿತು. ಹಕ್ಕಿ ಬೆದರಿಸಲು ಗೂಟ ನೆಟ್ಟು, ದಾರ ಎಳೆದು, ದಾರದ ತುಂಬ ಹಳೆಯ ಸಿ.ಡಿ.ಗಳನ್ನು ಕಟ್ಟಿದ್ದರು. ಎದುರು ಬಂದ ಕಬ್ಬಿನ ಗಾಡಿಗೆ ಜಾಗ ಬಿಡಲು ಬಸ್ಸು ಅಲ್ಲೇ ನಿಂತಿತು. ಹತ್ತಿರದ ಒಂದು ಸಿ.ಡಿ. ಮೇಲಿನ ಬರಹ ಓದಲು ಆಯಿತು: ಹುಡುಗಿಯ ಹೆಸರು, ಹುಡುಗನ ಹೆಸರು, ನಡುವೆ ಕೆಂಪು ಬಣ್ಣದ ಹೃದಯ. ಯಾರದೋ ಮದುವೆ ಜೋಳ ಕಾಯುತ್ತಿದೆ ಎಂದು ನಗು ಬಂತು. ಹಿಂದೆಯೇ ನನ್ನ ಮದುವೆಯ ಸಿ.ಡಿ. ಮಾಡಿಕೊಟ್ಟ ಅಂಗಡಿಯವರು ನೆನಪಾದರು... ಅವರನ್ನು ನೆನೆದು ಎಷ್ಟು ವರ್ಷವಾಗಿತ್ತೋ.

ಅವರ ಅಂಗಡಿ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗೆ ಹತ್ತಿರ, ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಮಹಡಿಯ ಮೇಲಿತ್ತು. ಮದುವೆ, ನಾಮಕರಣಗಳ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಸಿ.ಡಿ.ಗೆ ಇಳಿಸಿಕೊಡುವುದು ಅವರ ಕೆಲಸ. ಹನೂರಿನಿಂದ, ಸತ್ತೇಗಾಲದಿಂದ, ಅತ್ತ ಬೆಟ್ಟದ ಕಡೆಯ ಹಳ್ಳಿಗಳಿಂದಲೂ ಜನ ಕ್ಯಾಸೆಟ್ಟು ಹಿಡಿದು ಬರುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಬಾಗಿಲಲ್ಲಿ ಒದ್ದೆ ಗೋಣಿಚೀಲ, ಅದರ ಮೇಲೆ ಕಾಲು ಒರೆಸಬೇಕು. ಅವರಂತೂ ಸಿ.ಡಿ. ಮುಟ್ಟುವ ಮುಂಚೆ ಪ್ರತಿ ಸಲ ಕೈ ತೊಳೆದು, ಒರೆಸಿ, ಅಂಚನ್ನಷ್ಟೇ ಹಿಡಿದು ಎತ್ತುತ್ತಿದ್ದರು. ಟೀ ಲೋಟಕ್ಕೂ ಮುಚ್ಚಳ. ಧೂಳೆಂದರೆ ಅವರಿಗೆ ಹಾವು ಕಂಡಂತೆ. ಪೂಜಾರಿಗಳೂ ಇಷ್ಟು ಮಡಿ ಮಾಡುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಆಡಿಕೊಂಡಿದ್ದೆ.

ನಾನು ಅಲ್ಲಿಗೆ ಹೋಗಿದ್ದು ನನ್ನ ಮದುವೆಯ ಕ್ಯಾಸೆಟ್ಟು ಹಿಡಿದು. ನನಗೆ ಅದನ್ನು ನೋಡುವ ಆಸೆಯೇನೂ ಇರಲಿಲ್ಲ. ಬೇಕಾಗಿದ್ದುದು ಧನಗೆರೆಯ ತವರಿನಲ್ಲಿದ್ದ ನನ್ನ ಅಜ್ಜಿಗೆ, ಅಪ್ಪನ ತಾಯಿಗೆ. ನನ್ನ ಮದುವೆಯಾದ ಎರಡು ವರ್ಷಕ್ಕೆ ಚಿಕ್ಕಪ್ಪ ಹೊಲದಲ್ಲಿ ಮೋಟಾರು ಹಾಕಲು ಹೋಗಿ ಕರೆಂಟು ಹೊಡೆದು ತೀರಿಕೊಂಡಿದ್ದರು. ಅಜ್ಜಿಯ ಕಿರಿಯ ಮಗ. ಫೋಟೊ ಎರಡು ಮೂರು ಇದ್ದವು. ಆದರೆ ಒಂದು ದಿನ ಅಜ್ಜಿ ಅಕ್ಕಿ ಆರಿಸುತ್ತಾ ಕೂತವಳು ತಲೆ ಎತ್ತದೆ ನನಗೆ ಹೇಳಿದಳು.

“ಮಕ ಗ್ಯಾಪಕ ಅದೆ ಕಣ್ ಕೂಸು. ದನಿ ಮರ್ತೋಯ್ತಾ ಅದೆ.”

ಚಿಕ್ಕಪ್ಪನ ದನಿ ಇದ್ದರೆ ಆ ಕ್ಯಾಸೆಟ್ಟಿನಲ್ಲೇ ಇರಬೇಕು. ಮದುವೆಯಲ್ಲಿ ಅವರು ಒಮ್ಮೆಯೂ ಮಂಟಪದ ಕಡೆ ಬರಲಿಲ್ಲ. ಬೆಳಗಿನಿಂದ ಊಟದ ಮನೆಯಲ್ಲೇ ಇದ್ದರು. ವಿಡಿಯೊದವನು ಪಂಕ್ತಿಯ ನಡುವೆ ಕ್ಯಾಮೆರಾ ಹಿಡಿದು ಓಡಾಡಿದ್ದು ಮಾತ್ರ ಎಲ್ಲರಿಗೂ ನೆನಪಿತ್ತು. ಹಿಂದೆ ಒಂದು ಸಲ ಬಾಡಿಗೆಗೆ ಕ್ಯಾಸೆಟ್ಟು ಹಾಕುವ ಡೆಕ್ಕು ತಂದು ನೋಡಿದಾಗ ನಾವೆಲ್ಲ ನಮ್ಮ ನಮ್ಮ ಮುಖ ಹುಡುಕುವುದರಲ್ಲೇ ಮುಳುಗಿದ್ದೆವು. ಅವರು ಏನು ಮಾತಾಡಿದ್ದರೋ ಯಾರು ಕೇಳಿಸಿಕೊಂಡಿದ್ದರು...

ಮೊದಲ ಸಿ.ಡಿ. ನಾಲ್ಕು ದಿನದಲ್ಲಿ ಸಿಕ್ಕಿತು. ಅಂಗಡಿಯಲ್ಲಿ ಪೂರ್ತಿ ಓಡಿತು ಎಂದು ಅವರು ಹೇಳಿದರು. ಅಮ್ಮ ಫೋನು ಮಾಡಿ, ಮನೆಯಲ್ಲಿ ಅರ್ಧಕ್ಕೆ ನಿಂತುಹೋಯಿತು, ಊಟದ ಮನೆ ಬರಲೇ ಇಲ್ಲ ಎಂದಳು. ಮರುದಿನ ಸ್ಕೂಲು ಮುಗಿಸಿ ಯಳಂದೂರಿನಿಂದ ಬಂದವಳೇ ಮೆಟ್ಟಿಲು ಹತ್ತಿ ದೂರು ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕನ್ನಡಕ ಹಣೆಗೇರಿಸಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತರು.

“ಎಲ್ಲಿ ನಿಂತ್ಕಂತು ಮಿಸ್? ಆವಾಗ ಟೀವೀಲಿ ಯಾರಿದ್ರು?”

ನನಗೆ ಗೊತ್ತಿರಲಿಲ್ಲ. ಒಸಿ ಕೇಳಿಕೊಂಡು ಬನ್ನಿ ಎಂದು ನನ್ನನ್ನು ಮಗ್ಗಿ ತಪ್ಪಿದ ಹುಡುಗಿಯಂತೆ ವಾಪಸು ಕಳಿಸಿದರು. ಅಮ್ಮನನ್ನು ಕೇಳಿದೆ. ನಮ್ಮ ಸೋದರತ್ತೆ ಉಡುಗೊರೆ ಕೊಡುವಾಗ ಅವರ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ ಎಂದಳು. ಅದನ್ನು ಅಂಗಡಿಯವರಿಗೆ ಹೇಳಿದಾಗ ಅವರ ಕಣ್ಣು ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಿರಾಕಿಯ ಕಷ್ಟಕ್ಕೆ ಇಷ್ಟು ಖುಷಿಪಡುವ ಅಂಗಡಿಯವರನ್ನು ನಾನು ಕಂಡಿರಲಿಲ್ಲ.

ಅವತ್ತು ಅವರು ನನಗೆ ಎನ್‌ಕೋಡ್ ಎಂದರೇನು ಎಂದು ಹೇಳಿಕೊಟ್ಟರು. ಕ್ಯಾಸೆಟ್ಟಿನಲ್ಲಿರುವ ಚಿತ್ರ ಉದ್ದಕ್ಕೆ ಹರವಿದ ಸೀರೆ. ಅದನ್ನು ಮಡಚಿ ಮಡಚಿ ಚಿಕ್ಕದು ಮಾಡಿ ಸಿ.ಡಿ.ಯಲ್ಲಿ ಇಡಬೇಕು. ಮನೆಯ ಪ್ಲೇಯರು ಒಂದೊಂದೇ ಮಡಿಕೆ ಬಿಚ್ಚಿ ತೋರಿಸುತ್ತದೆ. ತೀರ ಬಿಗಿಯಾಗಿ ಮಡಚಿದರೆ ಹಳೆಯ ಪ್ಲೇಯರು ಬಿಚ್ಚಲಾಗದೆ ಕೈಚೆಲ್ಲುತ್ತದೆ. ಸಿ.ಡಿ. ಮೇಲೆ ಬರೆಯುವುದನ್ನು ಬರ್ನ್ ಮಾಡುವುದು ಎನ್ನುತ್ತಾರಂತೆ, ಅವಸರದಲ್ಲಿ ಬರ್ನ್ ಮಾಡಿದರೆ ಅಕ್ಷರ ಕೆಡುತ್ತದಂತೆ. ರೇಷ್ಮೆ ಸೀರೆಯ ಊರಿನವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿರಲಿಲ್ಲ. ಹತ್ತು ವರ್ಷ ವಿಜ್ಞಾನ ಪಾಠ ಮಾಡಿದ್ದ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಎರಡನೆಯ ಸಿ.ಡಿ.ಯನ್ನು ನಿಧಾನವಾಗಿ ಬರ್ನ್ ಮಾಡಿದರು. ಅದೇ ಸೋದರತ್ತೆ, ಅದೇ ಚೌಕ. ಮೂರನೆಯದಕ್ಕೆ ಮಡಿಕೆ ಸಡಿಲ ಮಾಡಿ, ಬೇರೆ ಜಾತಿಯ ಸಿ.ಡಿ. ಹಾಕಿದರು. ಅದೂ ಅಲ್ಲೇ ನಿಂತಿತು. ಪ್ರತಿ ಸಲವೂ ಅಜ್ಜಿ ಟೀವಿಯ ಮುಂದೆ ಬಂದು ಕೂತು, ನಿಂತುಹೋದ ಮೇಲೆ ಎದ್ದು ಹೋಗುತ್ತಿದ್ದಳಂತೆ. ಅದನ್ನು ಕೇಳಿ ನನ್ನ ತಾಳ್ಮೆ ಕೆಟ್ಟಿತು. ಅಗ್ಗದ ಮಾಲು ಹಾಕಿ ನಮ್ಮನ್ನು ಯಾಮಾರಿಸುತ್ತಿದ್ದಾರೆ ಎಂಬ ಅನುಮಾನವೂ ಇತ್ತು. ಕ್ಯಾಸೆಟ್ಟು ವಾಪಸು ಕೊಡಿ, ಹನೂರಿನಲ್ಲಿ ಮಾಡಿಸಿಕೊಳ್ಳುತ್ತೇನೆ ಎಂದುಬಿಟ್ಟೆ.

“ಮಾಡ್ಸಿ ಮಿಸ್, ಬ್ಯಾಡ ಅನ್ನಲ್ಲ,” ಅವರು ಕ್ಯಾಸೆಟ್ಟನ್ನು ಬಟ್ಟೆಯಿಂದ ಒರೆಸಿ ನನ್ನ ಮುಂದಿಟ್ಟರು. “ಆದ್ರೆ ಮೂರು ತರ ಮಾಡುದ್ರೂ ಒಂದೇ ಕಡೆ ನಿಂತ್ಕತದೆ ಅಂದ್ರೆ ತಪ್ಪು ಇಲ್ಲಿಲ್ಲ. ನಿಮ್ಮನೇಲಿ ಅದೆ. ಬಾನ್ವಾರ ನಾನೇ ಬಂದು ಒಂದ್ಸತಿ ನೋಡ್ಲಾ?”

ಕಾಸಿನ ಆಸೆಯಿಲ್ಲದ ಬರೀ ಕುತೂಹಲ ಎನ್ನುತ್ತಾರಲ್ಲ, ಅದು ಅದೇ. ಆದರೆ ಅದರ ಮುಂದೆ ನನ್ನ ಸಿಟ್ಟು ನಿಲ್ಲಲಿಲ್ಲ. ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟು ಬಂದೆ.

ಭಾನುವಾರ ಬೆಳಗ್ಗೆ ಅವರು ತಮ್ಮ ಪ್ಲೇಯರನ್ನು ಟವೆಲ್ಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡವರಂತೆ ಎದೆಗವಚಿಕೊಂಡು ಧನಗೆರೆಯಲ್ಲಿ ಬಸ್ಸಿಳಿದರು. ಅಮ್ಮ ದೇವರ ಗೂಡಿನಿಂದ ಮೂರನೆಯ ಸಿ.ಡಿ. ತಂದುಕೊಟ್ಟಳು. ನಮ್ಮ ಪ್ಲೇಯರಿನಲ್ಲಿ ಹಾಕಿದರು, ಸೋದರತ್ತೆ ಬಂದು ನಿಂತರು. ಅವರ ಪ್ಲೇಯರಿನಲ್ಲಿ ಹಾಕಿದರು, ಅಲ್ಲೂ ಸೋದರತ್ತೆಯೇ. ಅಂಗಡಿಯಲ್ಲಿ ಇದೇ ಪ್ಲೇಯರಿನಲ್ಲಿ ಇದೇ ಸಿ.ಡಿ. ಪೂರ್ತಿ ಓಡಿತ್ತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಅಜ್ಜಿಯ ಮುಂದೆ ನೆಲದ ಮೇಲೆ ಕೂತುಕೊಂಡರು.

“ಅಜ್ಜಿ, ಇದು ಮನೆಗೆ ಬಂದ್ಮೇಲೆ ಏನೇನ್ ಮಾಡುದ್ರಿ, ಒಸಿ ತೋರ್ಸಿ.”

ಅಜ್ಜಿಗೆ ಸಂತೋಷವಾಯಿತು. ಎದ್ದು ಹೋಗಿ ವಿಭೂತಿ ಗಟ್ಟಿ ತಂದಳು. ಅಂಗೈಯಲ್ಲಿ ನೀರು ಹಾಕಿ ತೇಯ್ದು, ಮೂರು ಬೆರಳು ಅದ್ದಿ, ಸಿ.ಡಿ.ಯ ಹೊಳೆಯುವ ಮೈಗೆ, ಅಂಚಿನ ಹತ್ತಿರ, ಭಕ್ತಿಯಿಂದ ಮೂರು ಗೆರೆ ಎಳೆದಳು. ಒಣಗಲು ಬಿಟ್ಟು ಸೆರಗಿನಿಂದ ಮೆಲ್ಲಗೆ ಒರೆಸಿದಳು. ನಮ್ಮ ಮನೆಯಲ್ಲಿ ಬೀರುವಿನಿಂದ ಹಿಡಿದು ಹೊಲಿಗೆ ಮೆಷಿನ್ನಿನ ತನಕ ಎಲ್ಲಕ್ಕೂ ಅವಳು ದಿನಾ ಸ್ನಾನ ಮಾಡಿ ವಿಭೂತಿ ಹಚ್ಚುತ್ತಿದ್ದಳು. ಅದು ನಮಗೆ ಗೋಡೆಯ ಸುಣ್ಣದಷ್ಟು ರೂಢಿ, ಹಾಗಾಗಿ ಅಮ್ಮನಿಗೆ ಅದನ್ನು ಹೇಳಬೇಕೆಂದೇ ತೋಚಿರಲಿಲ್ಲ.

“ಈ ಮೈಗೇ ಯಾಕೆ ಹಚ್ಚುದ್ರಿ ಅಜ್ಜಿ?” ಅವರು ಕೇಳಿದರು.

“ಬರ್ದಿರದು ಬೆನ್ನು ಕಣಪ್ಪ. ಇದು ಮಕ. ಕನ್ನಡಿ ಅಂಗೆ ಹೊಳೀತದಲ್ಲ. ನನ್ ಮಗ ಅವ್ನೆ ಇದ್ರೊಳ್ಗೆ.”

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದು, ಅಯ್ಯೋ ಅಜ್ಜಿ ಎಂದು ಶುರು ಮಾಡಿದೆ. ಅವರು ಕೈ ಎತ್ತಿ ನನ್ನನ್ನು ತಡೆದರು. ಒಂದು ಚೂರು ಧೂಳು ಕಂಡರೆ ಆಗದ ಮನುಷ್ಯ, ಬೂದಿ ಮೆತ್ತಿದ ಆ ಸಿ.ಡಿ. ಹಿಡಿದುಕೊಂಡು ಬಯ್ಯಲೂ ಇಲ್ಲ, ನಗಲೂ ಇಲ್ಲ. ತಮ್ಮ ಮೂರು ಬೆರಳನ್ನು ಆ ಗೆರೆಗಳ ಪಕ್ಕದಲ್ಲಿ ಹಿಡಿದು ಎಷ್ಟು ಅಗಲ, ಒಳಗೆ ಎಲ್ಲಿಯ ತನಕ ಬಂದಿದೆ ಎಂದು ಅಳತೆ ನೋಡಿದರು. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ಪ್ಲೇಯರು ಸುತ್ತಿಕೊಂಡು ಹೊರಟರು.

ಬಸ್ಸಿಗೆ ಕಾಯುವಾಗ ನಾನು, ಇನ್ನು ಮೇಲೆ ಹಚ್ಚಬೇಡ ಎಂದು ಅಜ್ಜಿಗೆ ಹೇಳುತ್ತೇನೆ ಎಂದೆ.

“ಬ್ಯಾಡಿ ಮಿಸ್,” ಎಂದರು. “ಸಿ.ಡಿ. ಒಳಗಿಂದ ಆಚೆಗೆ ಓದ್ಕಂಡ್ ಬತ್ತದೆ. ಅಜ್ಜಿ ಬೆರಳು ಮುಟ್ಟೋದು ಆಚೆ ಅಂಚು, ಬೂದಿ ಗೀರು ಬಿದ್ದು ಅಲ್ಲಿ ಓದಕ್ಕಾಗಲ್ಲ. ಊಟ ಮದ್ವೇಲಿ ಕೊನೇಗೆ ಬತ್ತದಲ್ಲ, ಅದ್ಕೇ ಅಂಚಿಗೆ ಬಿದ್ದದೆ. ಅಜ್ಜಿ ಕೈ ತಡೆಯಕ್ಕಾದದಾ? ನಾವೇ ಊಟದ ಜಾಗ ಬದಲಾಯ್ಸವ.”

ನಾಲ್ಕನೆಯ ಸಿ.ಡಿ. ಬರಲು ಒಂದು ತಿಂಗಳೇ ಹಿಡಿಯಿತು. ಯಾಕೆ ಇಷ್ಟು ತಡ ಎಂದರೆ, ವಾಲಗದ ಸದ್ದು ಜಾಸ್ತಿ ಅದೆ, ಒಸಿ ಇಳಿಸ್ತಾ ಇವ್ನಿ ಎನ್ನುತ್ತಿದ್ದರು. ಆ ಸಿ.ಡಿ.ಯಲ್ಲಿ ನನ್ನ ಮದುವೆ ಊಟದಿಂದ ಶುರುವಾಯಿತು. ಹಾಕಿದ ಕೂಡಲೇ ಪಂಕ್ತಿ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಪಾಯಸದ ಬಕೆಟ್ಟು ಹಿಡಿದು ಚಿಕ್ಕಪ್ಪ ಬಗ್ಗಿ ಬಗ್ಗಿ ಬಡಿಸುತ್ತಾ ಬಂದರು. ವಾಲಗ ಎಲ್ಲೋ ದೂರದ ಬೀದಿಗೆ ಹೋದ ಹಾಗೆ ತಗ್ಗಿತು. ಚಿಕ್ಕಪ್ಪ ಹಿಂದೆ ತಿರುಗಿ, ಯಾರನ್ನೋ ನೋಡಿ ಕೇಳಿದರು.

“ಅವ್ವಂಗೆ ಎಲೆ ಆಕಿದ್ರಾ? ಒಸಿ ನೋಡ್ರಪ್ಪ.”

ಅಷ್ಟೇ. ಇಡೀ ಕ್ಯಾಸೆಟ್ಟಿನಲ್ಲಿ ಅವರು ಆಡಿದ್ದು ಅದೊಂದೇ ಮಾತು. ನಾನು ಅಜ್ಜಿಯ ಕಡೆ ನೋಡಿದೆ. ಅವಳು ಅಳಲಿಲ್ಲ. ಮುಂದಕ್ಕೆ ಬಾಗಿ, ಎದುರಿಗೆ ನಿಂತವರಿಗೆ ಹೇಳುವ ಹಾಗೆ ಟೀವಿಗೆ ಉತ್ತರ ಕೊಟ್ಟಳು.

“ಆಕವ್ರೆ ಕಣ್ ಮಗ. ನಾನು ಉಂಡಿ. ನೀ ಉಣ್ಣೋಗು.”

ಅಳು ಬಂದಿದ್ದು ನನಗೆ. ಎದ್ದು ಹಿತ್ತಲಿಗೆ ಹೋಗಿಬಿಟ್ಟೆ.

ಅಜ್ಜಿ ಬದುಕಿದ್ದ ತನಕ ದಿನಾ ಮಧ್ಯಾಹ್ನ ಊಟ ಮುಗಿಸಿ ಆ ಸಿ.ಡಿ. ಹಾಕಿಸುತ್ತಿದ್ದಳು. ಮಗ ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ವಿಭೂತಿಯೂ ತಪ್ಪಲಿಲ್ಲ. ಅಂಚಿಗೆ ಬಿದ್ದ ನನ್ನ ಮುಹೂರ್ತ ತಾಳಿ ಕಟ್ಟುವುದಕ್ಕೆ ಸ್ವಲ್ಪ ಮುಂಚೆ ಚೌಕ ಚೌಕವಾಗಿ ನಿಂತುಹೋಗುತ್ತಿತ್ತು. ಹಾಗಾದರೆ ನಮ್ಮ ಮದುವೆ ಆಗಿಯೇ ಇಲ್ಲ ಎಂದು ನಮ್ಮ ಯಜಮಾನರು ಇವತ್ತಿಗೂ ಕಾಡುತ್ತಾರೆ. ಇದನ್ನೆಲ್ಲ ಆ ಅಂಗಡಿಯವರಿಗೆ ಒಮ್ಮೆ ಹೋಗಿ ಹೇಳಬೇಕು, ಅಜ್ಜಿ ಟೀವಿಗೆ ಉತ್ತರ ಕೊಡುತ್ತಾಳೆ ಎಂದು ಹೇಳಬೇಕು ಅಂದುಕೊಂಡೆ... ದಿನಾ ಅವರ ಅಂಗಡಿಯ ಕೆಳಗೇ ಬಸ್ಸು ಹಿಡಿಯುತ್ತಿದ್ದೆ. ಕೆಲಸ ಆದ ಮೇಲೆ ಯಾರು ಮೆಟ್ಟಿಲು ಹತ್ತುತ್ತಾರೆ. ನಾನೂ ಹತ್ತಲಿಲ್ಲ.

ಹೋದ ವಾರ ಹತ್ತಿದೆ. ಅಲ್ಲಿ ಮೊಬೈಲ್ ಕವರಿನ ಅಂಗಡಿ ಇತ್ತು. ಅವರು ತೀರಿಕೊಂಡು ಎರಡು ವರ್ಷವಾಯಿತು ಎಂದು ಅಲ್ಲಿದ್ದವರು ಹೇಳಿ, ಮನೆಯ ದಾರಿ ತೋರಿಸಿದರು. ಬಾಗಿಲು ತೆಗೆದಿದ್ದು ಅವರ ಹೆಂಡತಿ. ನನ್ನನ್ನು ಅವರು ನೋಡಿರಲಿಲ್ಲ, ನಾನೂ ಅವರನ್ನು ನೋಡಿರಲಿಲ್ಲ. ಧನಗೆರೆಯ ಮನೆಯವಳು, ಮದುವೆ ಸಿ.ಡಿ. ಮಾಡಿಸಿದ್ದೆ ಎಂದಾಗ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

“ನೀವಾ? ಅದೊಂದು ಮಾತ್ನ ಒಂದ್ ತಿಂಗ್ಳು ಕೇಳಿ ಕೇಳಿ ಸರಿ ಮಾಡುದ್ರು ನಮ್ಮನೆಯೋರು,” ಎಂದರು. “ಆಮೇಲೆ ಅದು ಅವ್ರ ಬಾಯ್ಗೇ ಬಂದ್ಬುಡ್ತು. ನಮ್ಮತ್ತೆ ಇರೋಗಂಟ ಊಟಕ್ಕೆ ಕೂರೋವಾಗ್ಲೆಲ್ಲ ‘ಅವ್ವಂಗೆ ಎಲೆ ಆಕಿದ್ರಾ’ ಅಂತ ಕೇಳೋರು. ನಾವು ಉಣ್ಣೋದು ಸ್ಟೀಲ್ ತಟ್ಟೇಲಿ, ಆದ್ರೂ ಎಲೆ ಅನ್ನೋರು. ನಮ್ಮತ್ತೆ ತೀರೋದ್ಮೇಲೆ ನನ್ನ ಕೇಳೋರು. ಈಗ...”

ಚಿಕ್ಕಪ್ಪನ ಮುಖವನ್ನೂ ನೇರ ಕಾಣದ ಒಂದು ಮನೆಯಲ್ಲಿ ಅವರ ಮಾತು ಇಷ್ಟು ದಿನ ಓಡಾಡಿಕೊಂಡಿತ್ತು, ನಮಗೇ ಗೊತ್ತಿರಲಿಲ್ಲ. ಕೇಳಿದವರು ಇಲ್ಲ, ಉತ್ತರ ಕೊಟ್ಟವಳು ಇಲ್ಲ, ಆ ಮಾತನ್ನು ವಾಲಗದ ಸದ್ದಿನಿಂದ ಬಿಡಿಸಿ ಕೊಟ್ಟವರೂ ಇಲ್ಲ. ಒಂದು ಸಲ ಮೆಟ್ಟಿಲು ಹತ್ತದೆ ಹೋದೆನಲ್ಲ ಎಂದು ನನ್ನ ಮೇಲೇ ನನಗೆ ಬೇಸರವಾಯಿತು.

ಊಟದ ಹೊತ್ತಾಗಿತ್ತು. ಬೇಡವೆಂದರೂ ಕೇಳದೆ ಅವರು ತಟ್ಟೆ ಇಟ್ಟು, ಅನ್ನ, ಸೊಪ್ಪಿನ ಸಾರು ಬಡಿಸಿ, ಗೋಡೆಗೆ ಒರಗಿ ನಿಂತರು.

“ನಿಮ್ಗೆ?” ಎಂದೆ.

“ನಂದು ಇದ್ದೇ ಅದೆ ಮಿಸ್. ಯಾವಾಗ್ಲಾರ ಉಂಡ್ರಾಯ್ತು.”

ಅವರು ಒಳಗೆ ಹೋಗಿ ತಮ್ಮ ತಟ್ಟೆ ತಂದು ನನ್ನ ಎದುರಿಗೆ ಕೂರುವ ತನಕ ನಾನು ಅನ್ನಕ್ಕೆ ಕೈ ಹಾಕಲಿಲ್ಲ.